ಕೂಗು ಬರುವ ತನಕ

ಚಿತ್ರದುರ್ಗದ ನಮ್ಮ ಪುಟ್ಟ ಸಾಫ್ಟ್‌ವೇರ್ ಕಚೇರಿಯಲ್ಲಿ ಸರ್ವರ್ ನೋಡಿಕೊಳ್ಳುತ್ತಿದ್ದ ಅಕ್ಕ ಯಾವುದನ್ನೂ ಒಂದೇ ಏಟಿಗೆ ಅಳಿಸಿದವರಲ್ಲ. ಹಳೆಯ ಪ್ರಾಜೆಕ್ಟ್ ಬೇಡವೆಂದು ನಾವು ಡಿಲೀಟ್ ಒತ್ತಲು ಹೋದರೆ ಅವರ ಬಳೆಗೈ ಅಡ್ಡ ಬರುತ್ತಿತ್ತು.

"ನಿಮ್ಮ ಕಂಪ್ಯೂಟರ್‌ನಾಗೆ ಅಳಿಸಿದ್ರೆ ಆತೇನ್ರಿ? ಸರ್ವರ್‌ನಾಗೆ ಆ್ಯಪ್ ಓಡ್ತಾನೇ ಐತೆ. ಮೊದ್ಲು ಅದನ್ನ ನಿಲ್ಸಾಣ. ಬಳಸೋರ ಕಡೆಯಿಂದ ಕೂಗು ಬರ್ತತಾ ನೋಡಾಣ. ಆಮೇಲೆ ತೆಗಿಯಾಣ."

ಕೆಲಸ ಕಲಿಯುವಾಗ ನಾನು ನಮ್ಮೂರು ಬಾಗೂರಿಗಾಗಿ ಒಂದು ಆ್ಯಪ್ ಮಾಡಿದ್ದೆ. ಊರಿಗೆಲ್ಲ ಸೇರಿದ ಅಡುಗೆ ಪಾತ್ರೆಗಳು ಸದ್ಯ ಯಾರ ಮನೆಯಲ್ಲಿವೆ ಎಂದು ಅದು ತೋರಿಸುತ್ತಿತ್ತು. ಅದನ್ನು ಎಲ್ಲರೂ ಮರೆತಿದ್ದಾರೆ, ತೆಗೆದುಬಿಡೋಣ ಎಂದು ಒಂದು ದಿನ ಅಕ್ಕನಿಗೆ ಹೇಳಿದೆ. ಅಕ್ಕ ಅದನ್ನು ನಿಲ್ಲಿಸಿ ಟೀ ತರಿಸಿದರು. ಲೋಟ ಖಾಲಿಯಾಗುವ ಮೊದಲೇ ಊರಿನಿಂದ ನನಗೆ ಫೋನ್ ಬಂತು.

"ಏನಪ್ಪ, ನಾಳೆ ನಮ್ಮನ್ಯಾಗೆ ಮದ್ವೆ! ದೊಡ್ಡ ಕೊಪ್ಪರಿಗೆ ಯಾರತ್ರ ಐತೆ ಅಂತ ನೋಡಾಣ ಅಂದ್ರೆ ಏನೂ ಬರ್ತಿಲ್ಲ!"

ಅಕ್ಕ ಬಿದ್ದುಬಿದ್ದು ನಗುತ್ತಲೇ ಆ್ಯಪನ್ನು ಮತ್ತೆ ಚಾಲೂ ಮಾಡಿದರು. ಮರುದಿನ ಆ ಮದುವೆಯಲ್ಲಿ ಇಬ್ಬರೂ ಮತ್ತೆ ಮತ್ತೆ ಪಾಯಸ ಹಾಕಿಸಿಕೊಂಡೆವು.

ಮುಂದೆ ಅವರಿಗೆ ಹಿರಿಯೂರಿನಲ್ಲಿ ಬೇರೆ ಕೆಲಸ ಸಿಕ್ಕಿತು. ಕೊನೆಯ ದಿನ ನಾವು ಅವರ ಲಾಗಿನ್ ತೆಗೆಯಬೇಕಿತ್ತು.

"ಅಳಿಸಬ್ಯಾಡ್ರಿ, ಬರೀ ನಿಲ್ಸ್ರಿ. ಕೂಗು ಬರ್ತತಾ ನೋಡಾಣ," ಎಂದು ಕಣ್ಣು ಮಿಟುಕಿಸಿ ಹೊರಟರು.

ಮರುದಿನ ಸರ್ವರ್‌ಗೆ ಏನೂ ಆಗಿರಲಿಲ್ಲ. ಆದರೂ ಟೀ ಹೊತ್ತಿಗೆ ಅವರಿಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮುಂಚೆಯೇ ಆ ಕಡೆಯಿಂದ ಅದೇ ನಗು ಕೇಳಿಸಿತು:

"ಬಂತು ನೋಡಪ್ಪ ಕೂಗು!"