ಕೆರೆದು ತೆಗೆದ ಚೀಟಿ

ತಂಗಿ ಬಿಳಿಚೋಡಿನಲ್ಲಿ ಹೊಸ ಮನೆ ಕಟ್ಟಿಸಿದಾಗ ಏನು ತರಲಿ ಎಂದು ಫೋನಿನಲ್ಲಿ ಕೇಳಿದ್ದೆ.

"ಸೀರೆ ಬ್ಯಾಡಕ್ಕಾ. ಇಲ್ಲಿ ವಾರಕ್ಕೊಂದ್ಸಲ ನಳ ಬರ್ತೈತೆ. ನೀರು ತುಂಬಾಕೆ ದೊಡ್ಡದೊಂದು ಡ್ರಮ್ ಕೊಡ್ಸು" ಅಂದಳು.

ಗೃಹಪ್ರವೇಶಕ್ಕೆ ತವರಿನಿಂದ ತಾಮ್ರದ ಕೊಡ ಕೊಡುವುದು ನಮ್ಮ ಮನೆಯ ರೂಢಿ. ಕೊಡದ ಬದಲು ಡ್ರಮ್ಮು ಎಂದು ಇಬ್ಬರೂ ನಕ್ಕೆವು.

ನ್ಯಾಮತಿಯ ಗುಜರಿ ಅಂಗಡಿಯಲ್ಲಿ ನೀಲಿ ಡ್ರಮ್ಮುಗಳಿದ್ದವು. ಮೊದಲು ಒಳಗೆ ಏನಿತ್ತೆಂದು ಕೇಳಿದೆ. "ಯಾವ್ದೋ ಫ್ಯಾಕ್ಟ್ರಿದು ಅಕ್ಕಾರೆ. ಊರೆಲ್ಲ ಇದ್ರಾಗೇ ನೀರು ತುಂಬ್ತಾರೆ, ತೊಳ್ಕೊಳ್ರಿ ಸಾಕು" ಅಂದ ಅಂಗಡಿಯವನು. ಮನೆಗೆ ತಂದು ಹುಣಸೆಹಣ್ಣು, ಬೂದಿ ಹಾಕಿ ಮೂರು ದಿನ ತಿಕ್ಕಿದೆ. ವಾಸನೆ ಹೋಯಿತು. ಒಂದು ಬದಿಗೆ ತಲೆಬುರುಡೆಯ ಚಿತ್ರವಿದ್ದ ಚೀಟಿ ಅಂಟಿಕೊಂಡಿತ್ತು. ಶುಭಕಾರ್ಯಕ್ಕೆ ಕೊಡುವ ವಸ್ತುವಿನ ಮೇಲೆ ಬುರುಡೆಯೇ ಅನ್ನಿಸಿತು. ಬಿಸಿನೀರು ಸುರಿದು ಚಾಕುವಿನಿಂದ ಕೆರೆದೆ. ಅದೇ ಜಾಗಕ್ಕೆ ಅರಿಸಿನ ಕುಂಕುಮ ಹಚ್ಚಿದೆ.

ಹೊನ್ನಾಳಿ ಬಸ್ಸಿನ ಕಂಡಕ್ಟರು, "ಇದ್ಕೂ ಒಂದು ಟಿಕೆಟ್ ತಗೊಳ್ರಿ ಅಕ್ಕಾರೆ, ನಿಮಗಿಂತ ದಪ್ಪ ಐತೆ" ಎಂದು ರೇಗಿಸಿದ. ಅದನ್ನು ಹೇಳಿದಾಗ ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಅವಳ ಗಂಡ ಲಾರಿ ಓಡಿಸುವವನು, ಮನೆಯಲ್ಲಿರುತ್ತಿದ್ದುದೇ ಕಡಿಮೆ. ಆ ಡ್ರಮ್ಮಿನ ನೀರನ್ನು ದಿನವೂ ಕುಡಿದವಳು ಅವಳೊಬ್ಬಳೇ. ಎರಡನೆಯ ವರ್ಷ ವಾಂತಿ ಶುರುವಾಯಿತು, ಕಾಲುಗಳು ಊದಿದವು, ಮೂತ್ರಪಿಂಡ ಕೆಟ್ಟಿದೆ ಎಂದರು. ಡಾಕ್ಟರು ನೀರಿನ ವಿಷಯ ಕೇಳಿದರು. "ಅದರಿಂದಲೇ ಅಂತ ಹೇಳೋಕಾಗಲ್ಲ. ಆದ್ರೆ ಆ ಡ್ರಮ್ಮಿನ ನೀರು ಇನ್ಯಾರೂ ಕುಡಿಯೋದು ಬೇಡ" ಅಂದರು.

ಅವರು ಹೋದ ಮೇಲೆ ತಂಗಿ ಕೇಳಿದಳು, "ಅಕ್ಕಾ, ಅದರ ಮ್ಯಾಲೆ ಏನಾದ್ರೂ ಬರ್ದಿತ್ತಾ?"

"ಇಲ್ಲ" ಅಂದೆ.

"ಹಂಗಾದ್ರೆ ನಿಂಗೆ ಹೆಂಗೆ ಗೊತ್ತಾಗ್ಬೇಕು, ಬಿಡು" ಎಂದು ನನ್ನ ಕೈ ಸವರಿದಳು. ಮುಂದಿನ ವಾರ ಅವಳಿರಲಿಲ್ಲ.

ತಿಥಿಯ ಮರುದಿನ ತಂಗಿಯ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಪಕ್ಕದ ಮನೆಯಾಕೆ ಬಂದು, ಮೂಲೆಗೆ ಬೋರಲು ಹಾಕಿದ್ದ ಡ್ರಮ್ಮನ್ನು ತಟ್ಟಿ ನೋಡಿದಳು.

"ಇದು ಖಾಲಿ ಬಿದ್ದೈತಲ್ಲಕ್ಕಾ. ನಮಗಾದ್ರೂ ಕೊಡ್ರಿ, ನಿಮ್ಮ ತಂಗಿ ನೆನಪಿಗಿರ್ಲಿ."

ತಂಗಿಯ ಗಂಡ ಬಾಗಿಲಲ್ಲಿ ಕುಳಿತಿದ್ದ. ಬೇರೇನಾದರೂ ನೆಪ ಹೇಳಬಹುದಿತ್ತು. ಆದರೆ ನೆಪ ಹೇಳಿದರೆ ನಾನು ಊರಿಗೆ ಹೋದ ಮೇಲೆ ಅವಳು ಮತ್ತೆ ಬಂದು ಕೇಳುತ್ತಾಳೆ, ಅವನು ಕೊಟ್ಟುಬಿಡುತ್ತಾನೆ.

"ಬ್ಯಾಡವ್ವಾ. ಇದರ ಮ್ಯಾಲೆ ವಿಷದ ಬುರುಡೆ ಚೀಟಿ ಇತ್ತು. ನಾನೇ ಕೆರ್ದು ತೆಗ್ದೆ" ಅಂದೆ.

ಅವನು ತಲೆ ಎತ್ತಿ ನನ್ನನ್ನು ನೋಡಿದ. ಎದ್ದು ಒಳಗೆ ಹೋದ.

ಪಕ್ಕದ ಮನೆಯಾಕೆ ಹೊರಟುಹೋದಳು. ಅವಳ ಅಂಗಳದಲ್ಲೂ ಅಂಥವೇ ಎರಡು ನೀಲಿ ಡ್ರಮ್ಮುಗಳಿದ್ದವು. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ನೀರು ಚೆಲ್ಲುವ ಸದ್ದು ಕೇಳಿಸಿತು. ನಳ ಬರಲು ಇನ್ನೂ ನಾಲ್ಕು ದಿನವಿತ್ತು.