ಮೂರನೆಯ ಕೂಗು

ಕೆಲಸವಿಲ್ಲದೆ ಬೆಟ್ಟ ಹತ್ತುವ ಜನರೂ ಇರುತ್ತಾರೆಂದು ನನಗೆ ಗೊತ್ತಾದದ್ದು ಊಟಿಯ ದೊರೆಗಳಿಂದ. ನಮ್ಮ ಹಟ್ಟಿಯವರು ಬೆಟ್ಟ ಹತ್ತುತ್ತಿದ್ದದ್ದು ತಪ್ಪಿಸಿಕೊಂಡ ಎಮ್ಮೆಗಾಗಿ, ಸೌದೆಗಾಗಿ, ಇಲ್ಲವೇ ಆಚೆ ಹಟ್ಟಿಗೆ ಹೆಣ್ಣು ಕೇಳಲು ಹೋಗುವಾಗ. ಇವರೋ, ಏದುಸಿರು ಬಿಡುತ್ತ ತುದಿಯವರೆಗೆ ಹೋಗಿ, ಗಳಿಗೆ ಹೊತ್ತು ನಿಂತು ನೋಡಿ, ಬಿಸ್ಕತ್ತು ತಿಂದು ಇಳಿದುಬಿಡುತ್ತಿದ್ದರು. ಅವರಿಗೆ ದಾರಿ ತೋರಿಸುವುದು, ಅವರ ಗಂಟುಮೂಟೆ ಹೊರುವುದು ನನ್ನ ಕಸುಬು. ಮಂಜೂರಿನ ಮೇಲಿರುವ ನಮ್ಮ ಹಟ್ಟಿಗೆ ಅವರು ಆಳು ಕಳಿಸಿ ನನ್ನನ್ನು ಕರೆಸಿಕೊಳ್ಳುತ್ತಿದ್ದರು. ಚಿಕ್ಕಂದಿನಲ್ಲಿ ಪಾದ್ರಿಗಳ ಶಾಲೆಯಲ್ಲಿ ಕಲಿತ ಕನ್ನಡ ಈ ಕಸುಬಿಗೆ ಯಾವ ಉಪಯೋಗಕ್ಕೂ ಬರಲಿಲ್ಲ. ಈಗ ಮೊಣಕಾಲು ಕೈಕೊಟ್ಟು ಮನೆಯಲ್ಲಿ ಕೂತ ಮೇಲೆ ಇದನ್ನು ಬರೆಯಲು ಬಂದಿದೆ.

ಯಾವ ದಾರಿ ತೋರಿಸಿದರೂ ಹೊಗಳುತ್ತಿದ್ದ ಆ ಜನ ಒಂದೇ ಒಂದು ದಾರಿಯನ್ನು ಬೈಯುತ್ತಿದ್ದರು. ನಮ್ಮ ಕುಂದೆಯ ಬೆಟ್ಟಗಳನ್ನು ದಾಟಿ ಪಡುವಣಕ್ಕೆ, ಮಲಯಾಳದ ಸೀಮೆಗೆ ಇಳಿಯುವ ಹಳೆಯ ದಾರಿ ಅದು. ನಮ್ಮ ಅಜ್ಜಂದಿರ ಕಾಲದಲ್ಲಿ ಸರ್ಕಾರದವರು ಕಡಿಸಿದ್ದು. ಆಮೇಲೆ ಬೇಡವೆಂದು ಬಿಟ್ಟುಬಿಟ್ಟರು. ನಾನು ನೋಡುವ ಹೊತ್ತಿಗೆ ಸೇತುವೆಗಳು ಕೊಳೆತು ತೊರೆಗೆ ಬಿದ್ದಿದ್ದವು. ದಾರಿಯ ಅರ್ಧವನ್ನು ಕಾಡು ನುಂಗಿತ್ತು, ಇನ್ನರ್ಧ ಆನೆಗಳ ಪಾಲಾಗಿತ್ತು. ಕೆಳಗಿನಿಂದ ಮಂಜು ಮೇಲೇರಿ ಬರುವುದರಿಂದ ಏನೂ ಕಾಣುವುದಿಲ್ಲ. ಬೂಟು ಬಿಚ್ಚಿದರೆ ಕಾಲುಚೀಲದ ತುಂಬ ಜಿಗಣೆ. ಒಮ್ಮೆ ಹೋದ ದೊರೆ ಇನ್ನೊಮ್ಮೆ ಅಲ್ಲಿಗೆ ಕರೆದುಕೊಂಡು ಹೋಗು ಎಂದದ್ದನ್ನು ನಾನು ಕೇಳಿಲ್ಲ.

ನಮ್ಮವರಿಗೆ ಆ ದಾರಿ ಬೇಡವಾದದ್ದಕ್ಕೆ ಕಾರಣ ಬೇರೆ. ಅದನ್ನು ಕಡಿದ ಆಳುಗಳು ಜ್ವರ ಬಂದು ಅಲ್ಲಲ್ಲೇ ಸತ್ತರಂತೆ. ಅವರಿಗೆ ಮಣ್ಣು ಮಾಡುವವರಿರಲಿಲ್ಲ, ಪಾಪ ಕಳೆಯುವವರಿರಲಿಲ್ಲ. ಅವರು ಇನ್ನೂ ಅಲ್ಲೇ ಇದ್ದಾರೆ, ಮಂಜು ಕವಿದಾಗ ಗುರುತಿನವರ ದನಿಯಲ್ಲಿ ಕರೆಯುತ್ತಾರೆ. ಆದರೆ ಅವರಿಗಿರುವ ಉಸಿರು ಎರಡು ಕೂಗಿಗೇ ಮುಗಿಯುತ್ತದೆ ಎಂದು ನಮ್ಮ ಅವ್ವ ಹೇಳುತ್ತಿದ್ದಳು. ಆದ್ದರಿಂದ ಆ ಕಡೆ ಹೋದವರು ಒಬ್ಬರನ್ನೊಬ್ಬರು ಕೂಗುವಾಗ ಮೂರು ಸಲ ಕೂಗಬೇಕು. ಮೂರಾಗುವ ತನಕ ಯಾರೂ ಓಗೊಡಬಾರದು. ಓಗೊಟ್ಟವನು ದನಿಯ ಹಿಂದೆ ಹೋಗಿಬಿಡುತ್ತಾನೆ. ಕುಂದೆಯ ಹಟ್ಟಿಗಳಲ್ಲಿ ಇದನ್ನು ಯಾರೂ ಕೂತು ಕಲಿಸುತ್ತಿರಲಿಲ್ಲ. ಮನೆಯೊಳಗೂ ಹಾಗೇ ನಡೆಯುತ್ತಿತ್ತು. ಅವ್ವನನ್ನು ಒಂದು ಸಲ ಕರೆದರೆ ಅವಳು ತಿರುಗಿಯೂ ನೋಡುತ್ತಿರಲಿಲ್ಲ.

ನನ್ನ ಬಾವ, ಅಂದರೆ ಅಕ್ಕನ ಗಂಡ, ಕುಂದೆಯವನಲ್ಲ. ಕೂನೂರಿನ ಪಕ್ಕದ ಹುಬ್ಬತಲೈಯವನು. ಅಣ್ಣಂದಿರ ಜೊತೆ ಹೊಂದಿಕೆಯಾಗದೆ ಅಕ್ಕನನ್ನು ಕರೆದುಕೊಂಡು ನಮ್ಮ ಹಟ್ಟಿಗೇ ಬಂದು ನೆಲೆಸಿದ್ದ. ಒಳ್ಳೆಯ ಆಳು, ಎರಡಾಳಿನ ಹೊರೆ ಹೊರುತ್ತಿದ್ದ, ಬಾಯಿಗೆ ಮಾತ್ರ ಬೀಗವಿರಲಿಲ್ಲ. ನಮ್ಮ ಮೂರು ಕೂಗಿನ ಕಟ್ಟಳೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

“ನಿಂಗಳ ಕುಂದೆಯ ಪೇಯಿಗೆ ಎರಡರ ಮೇಲೆ ಎಣಿಸೋಕೆ ಬರ್ತಿಲ್ಲೆಯಾ? ಅದನ್ನೂ ಪಳ್ಳಿಕೂಡಕ್ಕೆ ಕಳಿಸು, ತಮ್ಮ.”

ದೆವ್ವವನ್ನು ಶಾಲೆಗೆ ಕಳಿಸು ಎಂದದ್ದಕ್ಕೆ ನನಗೆ ಸಿಟ್ಟು ಬಂದಿತ್ತು. ಆದರೂ ಅವನೆಂದರೆ ನನಗೆ ಪ್ರಾಣ. ಆಗ ನನಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಬೆಟ್ಟದಲ್ಲಿ ಹೊರೆಯ ಪಟ್ಟಿ ಕಟ್ಟುವುದರಿಂದ ಹಿಡಿದು ದೊರೆಯ ಮುಂದೆ ನಗು ತಡೆದುಕೊಳ್ಳುವವರೆಗೆ ಎಲ್ಲವನ್ನೂ ಕಲಿತದ್ದು ಅವನ ಜೊತೆಯಲ್ಲಿ.

ಆ ವರ್ಷ ಮಳೆ ನಿಂತ ಮೇಲೆ ಒಬ್ಬ ದೊರೆ ಬಂದ. ಎಳೆಯ ವಯಸ್ಸಿನವನು, ಮಾತು ಕಡಿಮೆ, ಹರಕು ತಮಿಳು ಬರುತ್ತಿತ್ತು. ಹಳೆಯ ದಾರಿಯನ್ನೇ ನೋಡಬೇಕೆಂದು ಹಟ ಹಿಡಿದ. ಮುಂದೆ ಕತ್ತಿ ಹಿಡಿದು ಪೊದೆ ಸವರುತ್ತ ನಾನು, ನನ್ನ ಹಿಂದೆ ದೊರೆ, ಕೊನೆಗೆ ಅಡಿಗೆಯ ಪೆಟ್ಟಿಗೆ ಹೊತ್ತ ಬಾವ. ಮಧ್ಯಾಹ್ನದ ಹೊತ್ತಿಗೆ ಒಂದು ತೊರೆ ದಾಟಿದೆವು. ಹೊರೆಯ ಪಟ್ಟಿ ಸಡಿಲವಾಗಿದೆ, ಬಿಗಿದುಕೊಂಡು ಬರುತ್ತೇನೆ, ನೀವು ನಡೆಯಿರಿ ಎಂದು ಬಾವ ಅಲ್ಲೇ ನಿಂತ. ನಾವು ಒಂದು ತಿರುವು ದಾಟುವಷ್ಟರಲ್ಲಿ ಮಂಜು ಮೇಲೆ ಬಂತು. ಚಾಚಿದ ಕೈ ಕಾಣಿಸಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಕೂಗು ಕೇಳಿತು. “ಹೋಯ್!”

ದೊರೆ ತಟ್ಟನೆ ನಿಂತ. “ಯಾರ್? ಉನ್ ಆಳಾ?” ಎಂದ.

ನಾನು ತಾಳಿ ಎಂದು ಕೈ ತೋರಿಸಿದೆ. ಮತ್ತೆ “ಹೋಯ್!” ಎಂದು ಕೇಳಿತು, ಈ ಸಲ ತುಸು ಎಳೆದು. ದೊರೆ ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಓಗೊಡಲು ಹೊರಟ. ನಾನು ಅವನ ತೋಳು ಹಿಡಿದು ಕೆಳಗೆಳೆದೆ. ಅಲ್ಲಿಯವರೆಗೆ ಯಾವ ದೊರೆಯನ್ನೂ ಮುಟ್ಟಿದವನಲ್ಲ ನಾನು. ಅವನು ಬೆಚ್ಚಿ ನನ್ನ ಮುಖ ನೋಡಿದ. ನನ್ನ ಮುಖದಲ್ಲಿ ಏನು ಕಂಡನೋ, ಮತ್ತೆ ಕೈ ಎತ್ತಲಿಲ್ಲ.

ಇಬ್ಬರೂ ಉಸಿರು ಬಿಗಿಹಿಡಿದು ನಿಂತೆವು. ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಮೂರನೆಯದಕ್ಕಾಗಿ ನನ್ನ ಕಿವಿ ನೋಯುವಷ್ಟು ಕಾದೆ. ಅದು ಬರಲಿಲ್ಲ.

“ಹಕ್ಕಿ, ದೊರೆ. ಹಕ್ಕಿ,” ಎಂದೆ.

ಅದು ಬಾವನ ದನಿ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಇನ್ನೂ ಹೆದರಿದೆ. ಅವರು ಗುರುತಿನ ದನಿಯಲ್ಲೇ ತಾನೆ ಕರೆಯುವುದು? ಇಂಥ ಮಾತಿಗೆ ನಕ್ಕು ಬಿಡುವವನು ಮೂರು ಎಣಿಸಿ ಕೂಗುತ್ತಾನೆಯೇ ಎಂಬ ಯೋಚನೆ ಆ ಹೊತ್ತಿನಲ್ಲಿ ನನ್ನ ಮಂಡೆಗೆ ಹೊಳೆಯಲಿಲ್ಲ.

ಮುಂದೆ ಮಾಡು ಬಿದ್ದ ಒಂದು ಹಳೆಯ ತಂಗುಮನೆ ಇತ್ತು. ಅಲ್ಲಿ ಕೂತು ಕಾದೆವು. ದೊರೆ ಗಡಿಯಾರ ತೆಗೆದು ನೋಡಿದ, ಮತ್ತೆ ನೋಡಿದ. ಮಂಜು ತೆಳುವಾದಾಗ ಇಬ್ಬರೂ ಹಿಂದಕ್ಕೆ ಓಡಿದೆವು. ತೊರೆಯ ಈಚೆಗೆ ದಾರಿಯ ಅಂಚು ಹಸಿಯಾಗಿ ಜರಿದಿತ್ತು. ಕೆಳಗೆ ಬಂಡೆಗಳ ನಡುವೆ ಪೆಟ್ಟಿಗೆ ಒಡೆದು ಬಿದ್ದಿತ್ತು, ಪಕ್ಕದಲ್ಲಿ ಬಾವ ಬಿದ್ದಿದ್ದ. ಜೀವ ಇರಲಿಲ್ಲ. ಆದರೆ ತಲೆಯ ವಸ್ತ್ರ ಬಿಚ್ಚಿ, ತೊಡೆಗೆ ಸುತ್ತಿ, ಬಿಗಿಯಾಗಿ ಗಂಟು ಹಾಕಿಕೊಂಡಿದ್ದ. ರಕ್ತ ಆ ಗಂಟನ್ನೂ ಮೀರಿ ಹರಿದಿತ್ತು. ಬಿದ್ದ ಮೇಲೆ ಅಷ್ಟು ಹೊತ್ತು ಅವನು ಬದುಕಿದ್ದ.

ದೊರೆ ಆ ಗಂಟನ್ನು ನೋಡಿದ, ನನ್ನನ್ನು ನೋಡಿದ. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಆಮೇಲೆ ಊಟಿಯಲ್ಲಿ ತನ್ನವರಿಗೆಲ್ಲ, ಆ ದಾರಿ ಕೆಟ್ಟದ್ದು, ಬರೀ ಜಿಗಣೆ, ಹೋಗಬೇಡಿ ಎಂದನಂತೆ.

ಹೆಣ ಹಟ್ಟಿಗೆ ಬಂದಾಗ ಅಕ್ಕ ಕೂಗಾಡಲಿಲ್ಲ. ನನ್ನನ್ನು ಮನೆಯ ಹಿಂದಕ್ಕೆ ಕರೆದು ಒಂದೇ ಮಾತು ಕೇಳಿದಳು.

“ಅವ ಕೂಗಿಲೆಯಾ?”

“ಇಲ್ಲೆ ಅಕ್ಕ. ಬಿದ್ದವ ಬಿದ್ದಲ್ಲೇ ಹೋದ.”

ನೋವಿಲ್ಲದೆ ಹೋದ ಎಂದು ಅವಳು ನಂಬಿದಳು. ನಂಬಿ ಬಿಕ್ಕಿ ಬಿಕ್ಕಿ ಅತ್ತಳು.

ನಮ್ಮಲ್ಲಿ ಹೆಣ ಎತ್ತುವ ಮುಂಚೆ ಹಿರಿಯನೊಬ್ಬ ಅದರ ಪಕ್ಕ ನಿಂತು, ಸತ್ತವನು ಮಾಡಿರಬಹುದಾದ ಪಾಪಗಳನ್ನೆಲ್ಲ ಒಂದೊಂದಾಗಿ ಹೇಳುತ್ತಾನೆ. ಹಸಿಮರ ಕಡಿದದ್ದು, ಹಾವು ಕೊಂದದ್ದು, ದಾರಿ ಕೇಳಿದವರಿಗೆ ತಪ್ಪು ದಾರಿ ತೋರಿಸಿದ್ದು. ಪ್ರತಿಯೊಂದಕ್ಕೂ ಸೇರಿದವರೆಲ್ಲ ಪಾಪ ಎಂದು ದನಿಗೂಡಿಸಬೇಕು. ಕೊನೆಗೆ ಎಲ್ಲವೂ ಅವನನ್ನು ಬಿಟ್ಟುಹೋಯಿತೆಂದು ಲೆಕ್ಕ. ನಾನೂ ಮುಂದಿನ ಸಾಲಿನಲ್ಲಿ ನಿಂತು ಎಲ್ಲರಿಗಿಂತ ಜೋರಾಗಿ ಪಾಪ, ಪಾಪ ಎಂದೆ. ಬಾವನ ಪಾಪಗಳೆಲ್ಲ ಆ ದಿನ ಕಳೆದವು. ಕೂಗಿದವನಿಗೆ ಓಗೊಡದ ಪಾಪ ಆ ಹಿರಿಯನ ಪಟ್ಟಿಯಲ್ಲಿ ಇರಲಿಲ್ಲ. ಇದ್ದಿದ್ದರೂ ಅದು ಬಾವನದಲ್ಲವಲ್ಲ.

ಆ ದಾರಿಗೆ ನಾನು ಮತ್ತೆ ಕಾಲಿಡಲಿಲ್ಲ. ಕಾಲಿಡದಿದ್ದರೇನು, ದಾರಿ ನನ್ನ ಜೊತೆಗೇ ಬಂತು. ಊಟಿಯ ಸಂತೆಯಲ್ಲಿ ಸೊಪ್ಪು ಮಾರುವವಳು ಯಾರನ್ನೋ ಎರಡು ಸಲ ಕೂಗಿ ಸುಮ್ಮನಾದರೆ ನಾನು ನಿಂತಲ್ಲೇ ನಿಂತುಬಿಡುತ್ತಿದ್ದೆ. ಹಿಂದಿನವರು ಬೈದು, ತಳ್ಳಿಕೊಂಡು ಮುಂದೆ ಹೋಗುತ್ತಿದ್ದರು. ಮಂಜಿರುವ ದಿನ ಮನೆಯ ಅಂಗಳದಲ್ಲೇ ಎರಡು ಸಲ ಕೇಳಿಸುತ್ತಿತ್ತು. ಈಗಲೂ ಕೇಳಿಸುತ್ತದೆ. ಓ ಎನ್ನುತ್ತೇನೆ, ಆದರೆ ಆಗ ಅಲ್ಲಿ ಯಾರೂ ಇರುವುದಿಲ್ಲ.

ಹೋದ ವರ್ಷ ಹೊಸಬನೊಬ್ಬ ದೊರೆ ಆ ದಾರಿಗೆ ಆಳು ಬೇಕೆಂದು ಹೇಳಿಕಳಿಸಿದ. ಬಾಗಿಲಲ್ಲೇ ಆಗುವುದಿಲ್ಲ ಎಂದು ಗದರಿಸಿ ಕಳಿಸಿದೆ. ಅಕ್ಕ ಜಗಲಿಯಲ್ಲಿ ಕೂತು ಬಿತ್ತನೆಯ ಆಲೂಗೆಡ್ಡೆ ಆರಿಸುತ್ತಿದ್ದಳು. ತಲೆ ಪೂರ್ತಿ ನರೆತಿದೆ ಈಗ. ಇಷ್ಟೇಕೆ ಸಿಡುಕುತ್ತೀಯ ಎಂದು ಕೇಳಿದಳು. ಇಷ್ಟು ವರ್ಷ ಹಲ್ಲು ಕಚ್ಚಿ ಇಟ್ಟುಕೊಂಡದ್ದು ಹೇಗೆ ಹೊರಗೆ ಬಂತೋ, ಎಲ್ಲವನ್ನೂ ಹೇಳಿಬಿಟ್ಟೆ. ಕೂಗಿದ್ದು, ದೊರೆ ಓಗೊಡಲು ಹೋದದ್ದು, ನಾನು ಅವನ ಕೈ ಎಳೆದದ್ದು, ತೊಡೆಯ ಗಂಟು. ಅವಳು ಉಗಿಯಲಿ, ಗೆಡ್ಡೆ ತೆಗೆದು ಮುಖಕ್ಕೆ ಎಸೆಯಲಿ ಎಂದು ಕಾದೆ.

“ಎಷ್ಟು ಸಲ?” ಎಂದಳು.

“ಎರಡು.”

ಕೈಯಲ್ಲಿದ್ದ ಗೆಡ್ಡೆಯ ಮೊಳಕೆಯನ್ನು ಹೆಬ್ಬೆರಳಿನಿಂದ ಸವರಿದಳು. ಆಮೇಲೆ ನನಗಲ್ಲ, ಆ ಗೆಡ್ಡೆಗೆ ಹೇಳುವಂತೆ ಹೇಳಿದಳು.

“ಮನೆಲಿ ಅವ ಎನ್ನ ಒಂದೇ ಸಲ ಕೂಗೋದು. ಒಂದಕ್ಕೇ ನಾ ಓ ಅಂದು ಓಡುವೆ. ಮೂರಾಗಲಿ ಅಂದು ಅವ್ವ ಬೈವಳು, ನಾ ಕೇಳಿಲೆ. ಮೂರು ಸಲ ಕೂಗಿ ಅವಗೆ ರೂಢಿಯೇ ಇಲ್ಲೆ, ತಮ್ಮ. ಅವನ್ನ ಕೆಡಿಸಿದ್ದು ನಾ.”

ಹಾಗಲ್ಲ ಅಕ್ಕ, ಹಾಗಲ್ಲ ಎಂದು ನಾನು ಎಷ್ಟು ಹೇಳಿದರೂ ಅವಳ ಕಿವಿಗೆ ಹೋಗಲಿಲ್ಲ. ಗೆಡ್ಡೆಗಳನ್ನು ಹಾಗೇ ಬಿಟ್ಟು ಎದ್ದು ಒಳಗೆ ಹೋದಳು. ಗಂಡ ನೋವಿಲ್ಲದೆ ಹೋದನೆಂಬ ಒಂದು ಸಮಾಧಾನ ಅವಳಿಗಿತ್ತು. ನನ್ನ ಎದೆ ಹಗುರವಾಗಲೆಂದು ಅದನ್ನೂ ಕಿತ್ತುಕೊಂಡೆ.