ಅಂಟಿಸಿ ಕೊಟ್ಟ ಶಿಫಾರಸು

ನನ್ನನ್ನು ಹೊಗಳಿ ಬರೆದ ಮೊತ್ತಮೊದಲ ಕಾಗದವನ್ನು ಮೂಡಬಿದಿರೆಯಿಂದ ಬಂಟ್ವಾಳಕ್ಕೆ ನಾನೇ ಬಸ್ಸಿನಲ್ಲಿ ಒಯ್ದೆ. ಬಾಯಿಗೆ ಅಂಟು ಹಚ್ಚಿದ ಆ ಲಕೋಟೆಯೊಳಗೆ ಎಂಥ ಹೊಗಳಿಕೆ ಇದೆಯೋ ಎಂದು ದಾರಿಯುದ್ದಕ್ಕೂ ಬಿಸಿಲಿಗೆ ಹಿಡಿದು ನೋಡಿ ಸೋತೆ. ಐವತ್ತರ ದಶಕದ ಕೊನೆಯ ಮಾತಿದು. ಟೈಪಿಂಗ್ ಕಲಿಸುತ್ತಿದ್ದ ನಮ್ಮ ಮಾಸ್ಟ್ರ ಶಿಫಾರಸಿಲ್ಲದೆ ಆ ಸೀಮೆಯಲ್ಲಿ ಯಾರಿಗೂ ಗುಮಾಸ್ತಗಿರಿ ಸಿಗುತ್ತಿರಲಿಲ್ಲ. ಬಂಟ್ವಾಳದ ಹಂಚಿನ ಕಾರ್ಖಾನೆಯೊಂದರಲ್ಲಿ ಜಾಗ ಖಾಲಿಯಿತ್ತು. ಅದು ಕೈತಪ್ಪಿದರೆ ಅಪ್ಪ ನನ್ನನ್ನು ಮನೆಯಲ್ಲಿ ಕೂರಿಸುವುದು ಖಂಡಿತವಿತ್ತು.

ಮೂರನೆಯ ದಿನ ಕಾರ್ಖಾನೆಯ ಧಣಿಯ ತಾಯಿಯೇ ಹೂವು, ಹಣ್ಣು ಹಿಡಿದು ನಮ್ಮ ಅಂಗಳದಲ್ಲಿ ಕಾರಿನಿಂದಿಳಿದರು. ಅಮ್ಮ ಗಡಬಡಿಸಿ ಅವಲಕ್ಕಿ ಕಲಸಲು ಓಡಿದಳು. ಗುಮಾಸ್ತರನ್ನು ಆರಿಸುವುದಕ್ಕೆ ಇಷ್ಟೊಂದು ಮರ್ಯಾದೆಯೇ ಎಂದು ನಾನು ಉಬ್ಬಿಹೋದೆ, ಪೆದ್ದಿ!

"ಮಾಸ್ಟ್ರು ಬರೆದದ್ದು ಸರಿಯೇ ಉಂಟು. ಹಾಡ್ತಾಳಂತೆ, ಒಂದು ಹಾಡಲಿ, ಕೇಳುವ," ಎಂದರು ಆಕೆ.

"ನನಗೆ ಟೈಪು ಬರ್ತದೆ ಅಮ್ಮ."

"ಅದು ಮದುವೆ ಆದ ಮೇಲೆ ಮರ್ತುಹೋಗ್ತದೆ ಬಿಡು," ಎಂದು ಆಕೆ ಸಮಾಧಾನ ಹೇಳಿದರು. ಧಣಿಗೆ ಇನ್ನೂ ಮದುವೆಯಾಗಿರಲಿಲ್ಲ.

ಆಕೆ ಜೊತೆಗೆ ತಂದಿದ್ದ ಕಾಗದವನ್ನು ಕೇಳಿ ಪಡೆದು ಓದಿದೆ. ಸುಶೀಲೆ, ಮಿತಭಾಷಿಣಿ, ಕಣ್ಣೆತ್ತಿ ನೋಡುವವಳಲ್ಲ, ಸುಶ್ರಾವ್ಯವಾಗಿ ಹಾಡುವವಳು. ಟೈಪಿಂಗಿನ ಸುದ್ದಿಯೇ ಇಲ್ಲ! ನನ್ನ ಜೊತೆಗೆ ಕಲಿತ ವಸಂತನ ಕಾಗದ ನಾನು ಕಂಡದ್ದೇ: 'ವೇಗ ಚೆನ್ನಾಗಿದೆ, ತಪ್ಪು ಕಡಿಮೆ' ಅಷ್ಟೇ. ನನಗಿಂತ ವೇಗ ಅವನಿಗಿರಲಿಲ್ಲ ಎಂಬುದು ಬೇರೆ ವಿಷಯ. ನೀವೇ ಹೇಳಿ, ಗಂಡುಮಕ್ಕಳು ಟೈಪು ಮಾಡುವುದು ಬೆರಳಿನಿಂದ, ಹೆಣ್ಣುಮಕ್ಕಳು ಮಾತ್ರ ಶೀಲದಿಂದಲೋ? ಕಣ್ಣೆತ್ತದ ಗುಮಾಸ್ತೆ ಗೋಡೆಯ ಗಡಿಯಾರವನ್ನಾದರೂ ನೋಡುವುದು ಹೇಗೆ? ಮೈಯೆಲ್ಲ ಉರಿದುಹೋಯಿತು. ಮಾಸ್ಟ್ರು ಕೆಟ್ಟವರಲ್ಲ, ಪಾಪ. ಹುಡುಗಿಯ ಬಗ್ಗೆ ಒಳ್ಳೆಯದನ್ನು ಬರೆಯಬೇಕೆಂದು ಕೂತರೆ ಅವರ ಲೇಖನಿ ತಾನಾಗಿಯೇ ಮದುವೆಯ ಚಪ್ಪರಕ್ಕೆ ಹೋಗಿ ನಿಲ್ಲುತ್ತಿತ್ತು.

ಮರುದಿನವೇ ಮೂಡಬಿದಿರೆಗೆ ಹೋಗಿ ಅವರ ಮೇಜಿನ ಮುಂದೆ ನಿಂತೆ. "ವಸಂತನಿಗೆ ಬರೆದದ್ದನ್ನೇ ನನಗೂ ಬರೆಯಿರಿ. ಅಂಟಿಸುವುದು ಬೇಡ."

"ಹೆಣ್ಣುಮಕ್ಕಳ ಬಗ್ಗೆ ಅಷ್ಟು ಒಣಕಲಾಗಿ ಬರೆಯುವುದು ಹೇಗೆ ಮಾರಾಯ್ತಿ?" ಎಂದು ಅವರು ನಿಜಕ್ಕೂ ಸಂಕಟಪಟ್ಟರು. ಪದ ಬಿಡದಂತೆ ನಾನೇ ಹೇಳಿದೆ; ಅವರು ಬರೆದರು. 'ವಿನಯವಂತೆ' ಎಂದು ಕೊನೆಗೊಂದು ಸೇರಿಸಲು ಹೊರಟಾಗ ಅವರ ಲೇಖನಿಯನ್ನು ತಡೆದು ಹಿಡಿದೇಬಿಟ್ಟೆ.

ಹೊಸ ಕಾಗದ ಹಿಡಿದು ಬಂಟ್ವಾಳಕ್ಕೆ ಹೋದೆ. ಧಣಿಯ ಆಫೀಸೆಂದರೆ ಅವರ ಮನೆಯ ಚಾವಡಿಯೇ. ಕಾಗದ ಓದಿ ಅವರು ತಲೆ ಕೆರೆದುಕೊಂಡರು. "ಹಾಗಾದರೆ ಆ ಮದುವೆಯ ವಿಷಯ ಎಂತ?"

"ಅದಕ್ಕೆ ನೀವು ಬೇರೆ ಅರ್ಜಿ ಹಾಕಬೇಕು. ನಿಮ್ಮ ಶಿಫಾರಸು ಯಾರು ಬರೆಯುತ್ತಾರೆ, ನೋಡುವ," ಎಂದೆ. ಬಾಯಿಂದ ಬಂದೇಹೋಯಿತು. ಕೆಲಸ ಹೋಯಿತೆಂದುಕೊಂಡೆ.

ಧಣಿ ಕಾಗದವನ್ನು ಮಡಚತೊಡಗಿದರು. ಒಳಗಿನ ಬಾಗಿಲ ಸಂದಿಯಿಂದ ತಾಯಿಯ ದನಿ ಕೇಳಿತು:

"ಇವಳನ್ನು ಕೆಲಸಕ್ಕೇ ಇಟ್ಟುಕೊ ಮಗಾ, ದಮ್ಮಯ್ಯ! ಸೊಸೆಯಾಗಿ ಬಂದರೆ ನಾನು ಬದುಕುವುದುಂಟಾ?"

ನನಗೆ ಕೆಲಸ ಕೊಡಿಸಿದ ಶಿಫಾರಸು ಅದೇ.